ಎರಡು ತುದಿ ಕೆರೆದರೆ ಸಾಕು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಬ್ಬಳ್ಳಿಯ ವಿದ್ಯಾನಗರದ ಕಡೆಯ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ನನಗೆ ನಾಲ್ಕು ಸಲ ಮೊದಲ ಬಹುಮಾನ ಬಂದಿದೆ. ಎರಡನೆಯ ಬಹುಮಾನ ಆರೋ ಏಳೋ. ಸಮಾಧಾನಕರ ಬಹುಮಾನಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಅವು ಗಿರಾಕಿಗಳು ಅವಸರ ಮಾಡಿದ್ದರಿಂದ ಬಂದವು. ಆದರೆ ಆ ಯಾವ ಪ್ರದರ್ಶನದೊಳಗೂ ನಾನು ಕಾಲಿಟ್ಟವನಲ್ಲ, ಯಾವ ಪ್ರಮಾಣಪತ್ರದ ಮೇಲೂ ನನ್ನ ಹೆಸರಿಲ್ಲ. ಬಹುಮಾನ ಪಡೆದ ಮಕ್ಕಳು ಈಗ ದೊಡ್ಡವರಾಗಿರಬೇಕು. ಅವರು ಎಲ್ಲಿದ್ದರೂ ಸುಖವಾಗಿರಲಿ. ಅವರ ಗಾಳಿಯಂತ್ರ ತಿರುಗಿಸಿದವನು ನಾನು.

ನನ್ನ ಹೆಸರು ದಾವಲಸಾಬ. ಬೆಂಗೇರಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ಹೊಟ್ಟೆ ಬಿಚ್ಚಿ, ಕರಿದಾದ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕಸಬು. ಬೋರ್‌ವೆಲ್ಲಿನ ಮೋಟರು, ಹಿಟ್ಟಿನ ಗಿರಣಿಯ ಮೋಟರು, ಮನೆಯ ಫ್ಯಾನು, ಮಿಕ್ಸರು, ಯಾವುದಾದರೂ ಬರಲಿ, ನಾನು ಸುತ್ತಿದ್ದು ಒಂದು ವರ್ಷದೊಳಗೆ ತಿರುಗಿ ಬಂದರೆ ನನಗೆ ಊಟ ಸೇರುವುದಿಲ್ಲ. ಇದನ್ನು ಹೆಮ್ಮೆ ಎನ್ನುವವರು ಎನ್ನಲಿ. ಹೆಮ್ಮೆಯೇ.

ಇಂಥ ಅಂಗಡಿಗೆ ಶಾಲೆಯ ಪ್ರಾಜೆಕ್ಟು ಹೇಗೆ ಬಂತು ಎಂದು ನೀವು ಕೇಳಬಹುದು. ಹದಿನೈದು ಇಪ್ಪತ್ತು ವರ್ಷದ ಹಿಂದೆ ಒಬ್ಬ ಗಿರಾಕಿ ತನ್ನ ಮಗನಿಗಾಗಿ ಒಂದು ಸಣ್ಣ ಮೋಟರು ಕೇಳಿದ. ಕೊಟ್ಟೆ. ಮರುವರ್ಷ ಮೋಟರಿನ ಜೊತೆಗೆ ಅದನ್ನು ಹಲಗೆಯ ಮೇಲೆ ಕೂಡಿಸಿಕೊಡಲು ಕೇಳಿದ. ಕೂಡಿಸಿದೆ. ಅದರ ಮರುವರ್ಷ ಅವನ ಕಡೆಯ ನಾಲ್ಕು ಜನ ಬಂದರು, ಬರೀ ವಿಷಯದ ಚೀಟಿ ಹಿಡಿದುಕೊಂಡು. ಅಲ್ಲಿಂದ ಮುಂದೆ ಪ್ರದರ್ಶನದ ಕಾಲ ಬಂತೆಂದರೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಥರ್ಮಾಕೋಲಿನ ಅಣೆಕಟ್ಟು, ರಟ್ಟಿನ ಸೇತುವೆ, ಕೋಲಿನ ಗಾಳಿಯಂತ್ರಗಳು ಸಾಲಾಗಿ ಕೂತಿರುತ್ತಿದ್ದವು. ಒಮ್ಮೆ ಒಬ್ಬ ತಾಯಿ ಸ್ಕೂಟರಿನಿಂದ ಇಳಿಯದೆಯೇ ಹೇಳಿದ್ದರು:

"ಮಿಸ್ತ್ರಿ, ನಾಳೆ ಮುಂಜಾನೆ ಒಂಬತ್ತಕ್ಕ ಒಂದು ಜ್ವಾಲಾಮುಖಿ ಬೇಕಾಗೇತ್ರಿ."

"ಅಕ್ಕಾ, ಜ್ವಾಲಾಮುಖಿಯೊಳಗ ಮೋಟರ್ ಎಲ್ಲಿರತೈತ್ರಿ?"

"ಅದೆಲ್ಲ ನನಗ ಗೊತ್ತಿಲ್ರಿ. ಹೊಗಿ ಬಂದ್ರ ಸಾಕು."

ಹೊಗೆ ಬರಿಸಿದೆ. ಸುಟ್ಟ ಮೋಟರುಗಳ ನಡುವೆ ಬದುಕುವವನಿಗೆ ಹೊಗೆ ದೊಡ್ಡ ಮಾತಲ್ಲ.

ಮಾದರಿಯ ಜೊತೆಗೆ ಒಂದು ಫೈಲು ಇರಬೇಕು ಎಂಬುದು ಎಲ್ಲ ಶಾಲೆಗಳ ರಿವಾಜು. ಅದರಲ್ಲಿ ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಅಂತ ಒಂದೊಂದು ಪುಟ. ಇವೆಲ್ಲಕ್ಕೂ ಮೊದಲು ಸುತ್ತಲೂ ಹೂಬಳ್ಳಿ ಬರೆದ ಒಂದು ಪುಟ: ಕೃತಜ್ಞತೆಗಳು. ಅಳತೆ ಹೊಂದಿಸಲು ಆ ಫೈಲುಗಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದರು. ನಾನು ಎಲ್ಲಕ್ಕಿಂತ ಮೊದಲು ಓದುತ್ತಿದ್ದುದು ಕೃತಜ್ಞತೆಯ ಪುಟವನ್ನು. ಅಲ್ಲಿ ಪೂಜ್ಯ ಮುಖ್ಯೋಪಾಧ್ಯಾಯರು ಇರುತ್ತಿದ್ದರು, ನೆಚ್ಚಿನ ವರ್ಗಶಿಕ್ಷಕಿ ಇರುತ್ತಿದ್ದರು, ಪ್ರೀತಿಯ ತಂದೆತಾಯಿ ಇರುತ್ತಿದ್ದರು, ಸಹಕರಿಸಿದ ಗೆಳೆಯರು ಇರುತ್ತಿದ್ದರು. ಒಬ್ಬಳು ತನ್ನ ಮನೆಯ ನಾಯಿಗೂ ಕೃತಜ್ಞತೆ ಸಲ್ಲಿಸಿದ್ದಳು. ಮಿಸ್ತ್ರಿ ಮಾತ್ರ ಎಲ್ಲೂ ಇರುತ್ತಿರಲಿಲ್ಲ.

ನಮ್ಮ ಕಡೆ ಮದುವೆ ಪತ್ರಿಕೆ ಕೈಗೆ ಬಂದರೆ ವಧುವರರ ಹೆಸರು ಓದುವವರು ಕಡಿಮೆ. ಎಲ್ಲರ ಕಣ್ಣೂ ನೇರವಾಗಿ ಕೆಳಕ್ಕಿಳಿದು, ಇರುವೆ ಹರಿದಂತೆ ಸಣ್ಣ ಅಕ್ಷರದಲ್ಲಿ ಅಚ್ಚಾದ 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತವೆ. ಅಲ್ಲಿ ಒಬ್ಬ ಕಾಕಾನ ಹೆಸರು ಬಿಟ್ಟುಹೋಗಿದ್ದಕ್ಕೆ ಮೂರು ವರ್ಷ ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಜನರ ಸಣ್ಣತನಕ್ಕೆ ನಕ್ಕಿದ್ದೇನೆ ಕೂಡ. ಆದರೆ ಆ ಫೈಲುಗಳನ್ನು ತೆರೆಯುವಾಗ ನಾನೂ ಆ ಕಾಕಾನೇ ಆಗಿರುತ್ತಿದ್ದೆ. ಮನೆಯ ನಾಯಿಗಿಂತ ಮಿಸ್ತ್ರಿ ಕಡಿಮೆಯೇ ಎಂದು ಹೊಟ್ಟೆಯೊಳಗೇ ಬೈದುಕೊಂಡು, ಮೇಲೆ ನಗುತ್ತ ಫೈಲು ತಿರುಗಿ ಕೊಡುತ್ತಿದ್ದೆ.

ಇನ್ನು ನನ್ನ ವಿದ್ಯೆಯ ಮಾತು. ನಾನು ಏಳನೆಯ ಇಯತ್ತೆಗೆ, ಎಂದರೆ ಏಳನೆಯ ತರಗತಿಗೆ, ಸಾಲಿ ಬಿಟ್ಟವನು. ನಮ್ಮ ಮಾತಿನಲ್ಲಿ ಸಾಲಿ ಬಿಡುವುದಕ್ಕೆ ಎರಡು ಅರ್ಥ. ಸಂಜೆ ಗಂಟೆ ಹೊಡೆದರೆ ಸಾಲಿ ಬಿಡುತ್ತದೆ, ಮರುದಿನ ಮುಂಜಾನೆ ಮತ್ತೆ ಕೂಡುತ್ತದೆ. ಇನ್ನೊಂದು ಅರ್ಥದಲ್ಲಿ ಹುಡುಗ ಸಾಲಿ ಬಿಡುತ್ತಾನೆ, ಅದು ಮತ್ತೆ ಕೂಡುವುದಿಲ್ಲ. ನಮ್ಮಪ್ಪ ಟಾಂಗಾ ಓಡಿಸುತ್ತಿದ್ದ. ಅವನು ಸೊಂಟ ಹಿಡಿದು, ನಮ್ಮ ಮಾತಿನಲ್ಲಿ ನಡ ಹಿಡಿದು, ಮೂಲೆಗೆ ಮಲಗಿದಾಗ ಮನೆಯಲ್ಲಿ ದುಡಿಯುವ ವಯಸ್ಸಿಗೆ ಹತ್ತಿರವಿದ್ದವನು ನಾನೊಬ್ಬನೇ. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ. ಒಂದು ದಿನ ಪಾಟಿಚೀಲವನ್ನು ಗೂಟಕ್ಕೆ ಹಾಕಿ ನಾನೇ ಹೊರಟೆ. ಅದರ ಬಗ್ಗೆ ನನಗೆ ಅಳು ಬಂದದ್ದಿಲ್ಲ. ದುಡಿದೆ, ತಮ್ಮ ತಂಗಿಯರ ಲಗ್ನ ಮಾಡಿದೆ, ಅಂಗಡಿ ಮಾಡಿದೆ. ಓದಿದವರ ಮನೆಯ ಫ್ಯಾನು ನಾನು ಸುತ್ತಿದ ತಂತಿಯಿಂದಲೇ ತಿರುಗುತ್ತದೆ ಎಂಬ ಒಂದು ಸಮಾಧಾನ ಯಾವತ್ತೂ ಜೇಬಿನಲ್ಲಿರುತ್ತಿತ್ತು.

ಆ ಸಮಾಧಾನಕ್ಕೆ ತೂತು ಬಿದ್ದದ್ದು ನನ್ನ ಮಗಳು ಶಾಹೀನಳ ಕಾಲೇಜಿನ ಅರ್ಜಿಯಿಂದ. ಹತ್ತನೆಯದನ್ನು ಚೆನ್ನಾಗಿ ಪಾಸು ಮಾಡಿ ವಿಜ್ಞಾನ ತೆಗೆದುಕೊಳ್ಳಲು ಹೊರಟಿದ್ದಳು. ಅಂಗಡಿಯಲ್ಲೇ ಕೂತು ಅರ್ಜಿ ತುಂಬುತ್ತಿದ್ದಳು. ಮನೆಯಲ್ಲಿ ನಾವು ಆಡುವ ಮಾತು ಉರ್ದು. ಆದರೆ ಓದು ಬರಹದ ವಿಷಯ ಬಂದ ಕೂಡಲೇ ಅವಳು ಕನ್ನಡಕ್ಕೆ ಹೊರಳುತ್ತಾಳೆ, ಅವಳ ಸಾಲಿ ಕನ್ನಡದ್ದು. ಅಪ್ಪನಿಗೆ ಅನ್ನುವ 'ಅಬ್ಬಾ' ಮಾತ್ರ ಬದಲಾಗುವುದಿಲ್ಲ.

"ಅಬ್ಬಾ, ತಂದೆಯ ವಿದ್ಯಾರ್ಹತೆ ಅಂತ ಕೇಳ್ಯಾರ."

"ಏಳನೇತ್ತೆ ಅಂತ ಬರಿ. ಅದಕ್ಕೇನು ನಾಚಿಕಿ?"

ಅವಳು ಅರ್ಜಿಯನ್ನು ನನಗೆ ಕಾಣದಂತೆ ಓರೆ ಮಾಡಿಕೊಂಡಳು. ಆಮೇಲೆ ಬರೆದಳು. ನಾನು ಇಣುಕಿ ನೋಡಿದರೆ ಅಲ್ಲಿ 'ಮೋಟರ್ ರಿವೈಂಡಿಂಗ್' ಎಂದಿತ್ತು.

"ಅದು ಉದ್ಯೋಗದ ಸಾಲಲ್ಲೇನು?"

"ಎರಡೂ ಕಡೆ ಅದನ್ನ ಬರದೇನಿ. ಖರೇನ ಅಲ್ಲೇನು?"

ಖರೆಯೇ. ಆದರೂ ಆ ಉತ್ತರ ಒಂದು ವಾರ ನನ್ನನ್ನು ಕುಟ್ಟುತ್ತಲೇ ಇತ್ತು. ಮಗಳು ನನ್ನ ಮಾನ ಕಾಯಲು ಒಂದು ಉಪಾಯ ಹುಡುಕಬೇಕಾಯಿತಲ್ಲ. ಎಂಟನೆಯ ದಿನ ಅವಳಿಗೂ ಹೇಳದೆ ಹೋಗಿ, ದೊಡ್ಡವರು ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಕಟ್ಟುವುದು ಹೇಗೆಂದು ವಿಚಾರಿಸಿಕೊಂಡು ಬಂದೆ. ಈಗ ನಾನು ಸಾಲಿ ಬಿಟ್ಟದ್ದನ್ನು ಮೊದಲನೆಯ ಅರ್ಥದಲ್ಲೇ ಹೇಳುತ್ತೇನೆ: ಏಳನೇತ್ತೆಯ ಒಂದು ಸಂಜೆ ಸಾಲಿ ಬಿಟ್ಟಿತು, ಮತ್ತೆ ಕೂಡಲು ಮೂವತ್ತೇಳು ವರ್ಷ ಹಿಡಿಯಿತು, ಅಷ್ಟೇ.

ರವಿವಾರಕ್ಕೊಮ್ಮೆ ವಿದ್ಯಾನಗರದ ಒಂದು ಶಾಲೆಯಲ್ಲಿ ನಮ್ಮಂಥವರಿಗೆ ಪಾಠ. ಹೊಲಿಗೆಯವಳು, ಆಟೋದವನು, ಒಬ್ಬ ಅಡುಗೆಯವನು, ಧಾರವಾಡದ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಕಣ್ಣುಜ್ಜುತ್ತ ಬರುವ ಇಬ್ಬರು, ಮತ್ತು ನಾನು. ಬೆಂಚುಗಳು ಎಂಟನೇತ್ತೆಯ ಮಕ್ಕಳ ಅಳತೆಯವು. ಒಳಗೆ ಹೋದ ಮೊಣಕಾಲು ಹೊರಗೆ ಬರಲು ಮೋಟರಿನ ಹೊರಚಿಪ್ಪಾದ ಸ್ಟೇಟರಿನಿಂದ ಜಾಮಾದ ರೋಟರು ಎಳೆದಷ್ಟು ತ್ರಾಸು.

ನಮಗೆ ವಿಜ್ಞಾನ ಹೇಳುವವರು ಮೆಣಸಿನಕಾಯಿ ಮೇಡಂ. ನಮ್ಮ ಕಡೆ ಅಡ್ಡಹೆಸರುಗಳೇ, ಎಂದರೆ ಮನೆತನದ ಹೆಸರುಗಳೇ, ಹಾಗೆ. ಒಂದು ಹಾಜರಿ ಪುಸ್ತಕ ಹಿಡಿದು ಬಜಾರ ಮಾಡಿ ಬರಬಹುದು. ವಯಸ್ಸು ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ನಮ್ಮ ಕಾಲದಲ್ಲಿ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಿದ್ದೆವು. ನನ್ನ ಬಾಯಿಗೆ ಬೇರೆ ಏನೂ ಬರಲಿಲ್ಲ. ಅವರು ನನಗೆ ಕಾಕಾ ಅಂದರು. ಹೀಗೆ ನನಗಿಂತ ಅರ್ಧ ವಯಸ್ಸಿನವರು ನನಗೆ ಅಕ್ಕ, ನಾನು ಅವರಿಗೆ ಕಾಕಾ. ಈ ಸಂಬಂಧವನ್ನು ಯಾವ ಮದುವೆ ಪತ್ರಿಕೆಯಲ್ಲಿ ಎಲ್ಲಿ ಅಚ್ಚು ಹಾಕಿಸಬೇಕೋ ತಿಳಿಯದು.

ಮೊದಲ ದಿನವೇ ಹಾಜರಿಯಲ್ಲಿ ಎಡವಟ್ಟಾಯಿತು. ಅದಕ್ಕೆ ನನ್ನ ಕಸಬೇ ಕಾರಣ. ತಂತಿ ಸುತ್ತುವಾಗ ನಾವು ಸುತ್ತುಗಳನ್ನು ಎಣಿಸುತ್ತೇವೆ. ಒಂದು ಸುತ್ತು ತಪ್ಪಿದರೂ ಮೋಟರು ಬಿಸಿಯಾಗಿ ಗೊಣಗುತ್ತದೆ. ಅದಕ್ಕೇ ಎಣಿಕೆ ನಡೆದಾಗ ಯಾರು ಏನು ಕೇಳಿದರೂ ನಮ್ಮ ಬಾಯಿಂದ ಮುಂದಿನ ಅಂಕಿಯೇ ಬರುತ್ತದೆ. "ಊಟಕ್ಕ ಏನು ಮಾಡ್ಲಿ?" ಎಂದು ಹೆಂಡತಿ ಮಹಬೂಬಿ ಫೋನಿನಲ್ಲಿ ಕೇಳಿದರೆ "ಅರವತ್ತೆರಡು" ಎಂದು ಹೇಳಿದವನು ನಾನು. ಅಕ್ಕೋರು ಹಾಜರಿ ಪುಸ್ತಕ ತೆರೆದು "ಹದಿನೇಳು" ಅಂದರು. ನನ್ನ ನಂಬರು ಅದೇ. ನಾನು ಎದ್ದು ನಿಂತು ಗಟ್ಟಿಯಾಗಿ "ಹದಿನೆಂಟು" ಅಂದೆ. ಹದಿನೆಂಟನೆಯವಳಾದ ಹೊಲಿಗೆಯ ಶಾಂತವ್ವ "ನನ್ನ ಹಾಜರಿನೂ ನೀನ ಹೇಳೋದಾದ್ರ ನಾ ಯಾಕ ಬರ್ಲೋ ಯಪ್ಪಾ?" ಅಂದಳು. ಅಂದಿನಿಂದ ವರ್ಗದಲ್ಲಿ ನನ್ನ ಹೆಸರು ಹದಿನೆಂಟು, ಪ್ರತಿ ರವಿವಾರ ನನ್ನ ಬಾಯಿಗೆ ಬರುತ್ತಿದ್ದುದೂ ಅದೇ.

ಮೂರನೆಯ ತಿಂಗಳಿಗೆ ಅಕ್ಕೋರು ಹೇಳಿದರು, ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟು ಮಾಡಬೇಕು, ಮಾದರಿ ಮತ್ತು ಫೈಲು ಎರಡೂ. ಅವರು ಒಪ್ಪಿ ಸಹಿ ಮಾಡಿದರೆ ಮಾತ್ರ ಈ ವರ್ಷ ಪರೀಕ್ಷೆಗೆ ಹೆಸರು ಹೋಗುತ್ತದೆ, ಇಲ್ಲವಾದರೆ ಮುಂದಿನ ವರ್ಷ. ವರ್ಗ ಗಾಬರಿಯಾಯಿತು. ನಾನು ಮೀಸೆಯೊಳಗೆ ನಕ್ಕೆ. ಹುಬ್ಬಳ್ಳಿಯಲ್ಲಿ ಪ್ರಾಜೆಕ್ಟಿಗೆ ಹೆದರುವವನು ಇದ್ದರೆ ಅದು ನಾನಲ್ಲ.

ಹದಿನೈದು ದಿನ ಕೂತು ಒಂದು ಹಿಟ್ಟಿನ ಗಿರಣಿ ಮಾಡಿದೆ. ಅಂಗೈಯಗಲದ ಮೋಟರು, ಕೈಯಾರೆ ಸುತ್ತಿದ್ದು. ಅದಕ್ಕೆ ಬೆಲ್ಟು, ಬೆಲ್ಟಿಗೆ ಬೀಸುಕಲ್ಲು, ಮೇಲೆ ತಗಡಿನ ಗುಮ್ಮಟ. ಹಿಡಿ ಜೋಳ ಹಾಕಿದರೆ ಕೆಳಗೆ ಖರೆ ಹಿಟ್ಟು ಬೀಳಬೇಕು, ಬಿತ್ತು. ಮಹಬೂಬಿ ಅದನ್ನು ಬೆರಳಿಂದ ಮುಟ್ಟಿ ನೋಡಿ "ಇನ್ನೊಂದು ಚೂರು ಸಣ್ಣಗ ಬೀಸಬೇಕಿತ್ತು" ಅಂದಳು. ಅದಕ್ಕಿಂತ ದೊಡ್ಡ ಪ್ರಶಂಸೆ ನನಗೆ ಬೇಕಿರಲಿಲ್ಲ.

ಉಳಿದದ್ದು ಫೈಲು. ಅಲ್ಲಿ ನಾನು ಮಾಡಿದ್ದನ್ನು ಕೇಳಿ ನೀವು ನಗಬಹುದು. ವಿದ್ಯಾನಗರದವರು ಬರೆಯುವುದನ್ನು ತಾವು ಮಾಡಿ ಮಾದರಿಯನ್ನು ನನ್ನಿಂದ ಮಾಡಿಸುತ್ತಿದ್ದರು. ನಾನು ಮಾದರಿಯನ್ನು ಮಾಡಿ ಬರೆಯುವುದನ್ನು ಶಾಹೀನಳಿಂದ ಮಾಡಿಸಿದೆ. ಅವಳಿಗೆ ಕಾಲೇಜಿನ ಪರೀಕ್ಷೆಯ ಗಡಿಬಿಡಿ. ತನ್ನ ಹಳೆಯ ಫೈಲೊಂದನ್ನು ಎದುರಿಗಿಟ್ಟುಕೊಂಡು ಚಕಚಕನೆ ಬರೆದು ಕೊಟ್ಟಳು. ಅಕ್ಷರ ಮುತ್ತಿನಂತಿತ್ತು. ಓದಿ ನೋಡುವ ಕಷ್ಟ ನಾನು ತೆಗೆದುಕೊಳ್ಳಲಿಲ್ಲ. ಮೋಟರಿನ ಬಗ್ಗೆ ನನಗೆ ಯಾರು ಏನು ಹೇಳುವುದಿದೆ?

ರವಿವಾರ ಗಿರಣಿ ತಿರುಗಿತು. ಶಾಂತವ್ವ "ಏ ಹದಿನೆಂಟು, ಇದ ದೊಡ್ಡದು ಮಾಡಿ ನನ್ನ ಮನಿಗೆ ಕೊಡು" ಅಂದಳು. ಅಕ್ಕೋರು ಬಗ್ಗಿ ಎಲ್ಲ ದಿಕ್ಕಿನಿಂದ ನೋಡಿದರು, ಮೆಚ್ಚಿದರು. ಆಮೇಲೆ ಫೈಲು ತೆರೆದು ಮೊದಲ ಪುಟ ಗಟ್ಟಿಯಾಗಿ ಓದಿದರು:

"'ಈ ಯೋಜನೆಯನ್ನು ಮಾಡಲು ಪ್ರೋತ್ಸಾಹಿಸಿದ ನನ್ನ ಪ್ರೀತಿಯ ತಂದೆತಾಯಿಗಳಿಗೂ, ಬಣ್ಣದ ಕಾಗದ ಕತ್ತರಿಸಲು ಸಹಕರಿಸಿದ ನನ್ನ ಗೆಳತಿಯರಿಗೂ...' ಕಾಕಾ, ನಿಮಗ ಗೆಳತ್ಯಾರು ಎಷ್ಟ ಮಂದಿ?"

ಇಡೀ ವರ್ಗ ನಕ್ಕಿತು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ. ಆದರೆ ಅಕ್ಕೋರು ಅಲ್ಲಿಗೆ ನಿಲ್ಲಿಸಲಿಲ್ಲ.

"ಇರ್ಲಿ ಬಿಡ್ರಿ. ಒಂದ ಮಾತು ಹೇಳ್ರಿ. ಇದು ಯಾಕ ತಿರಗತೈತಿ?"

"ಸುತ್ತೇನಲ್ರಿ ಅಕ್ಕೋರ, ಅದಕ್ಕ."

"ಸುತ್ತಿದ್ರ ಯಾಕ ತಿರಗತೈತಿ?"

"ಸರಿಯಾಗಿ ಸುತ್ತಿದ್ರ ತಿರಗತೈತ್ರಿ."

"ಅದ ಯಾಕ ಅಂತ ಕೇಳಾಕತ್ತೇನಿ."

ಎಷ್ಟು ಸುತ್ತು ಎಂದು ಕೇಳಿದ್ದರೆ ಹೇಳುತ್ತಿದ್ದೆ. ಯಾವ ಗೇಜಿನ ತಂತಿ ಎಂದು ಕೇಳಿದ್ದರೆ ಕಣ್ಣು ಮುಚ್ಚಿ, ಬೆರಳಿನಿಂದ ಮುಟ್ಟಿ ಹೇಳುತ್ತಿದ್ದೆ. ಯಾವ ಮೋಟರು ಯಾಕೆ ಸುಟ್ಟಿತು ಎಂದು ವಾಸನೆಯಿಂದ ಹೇಳಬಲ್ಲೆ. ಆದರೆ ಚಲೋ ಇರುವ ಮೋಟರು ಯಾಕೆ ತಿರುಗುತ್ತದೆ ಎಂದು ಮೂವತ್ತೇಳು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನನ್ನು ಕೇಳಿರಲಿಲ್ಲ. 'ಗೊತ್ತಿಲ್ಲ' ಎಂಬ ಮೂರಕ್ಷರ ಹೇಳುವ ಬದಲು ಗಿರಣಿಯ ಬೆಲ್ಟು ಬಿಗಿಮಾಡತೊಡಗಿದೆ. ಅಕ್ಕೋರು ಫೈಲು ಮುಚ್ಚಿ ನನ್ನ ಕೈಗೆ ಕೊಟ್ಟು ಮೆಲ್ಲಗೆ ಅಂದರು:

"ಮಾದರಿ ನಿಮ್ಮದು. ಫೈಲು ನಿಮ್ಮದಲ್ಲ. ಬರೋ ರವಿವಾರ ನಿಮ್ಮ ಕೈಯಾಗಿಂದು ತರ್ರಿ. ಅದ ಕಡೀ ದಿನ."

ಬೆಂಗೇರಿಯ ತನಕ ಗಿರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದೆ. ಈ ವಯಸ್ಸಿನಲ್ಲಿ ನನಗಿದು ಬೇಕಿತ್ತೇ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಮನೆಗೆ ಬಂದು ಸಾಲಿ ಗೀಲಿ ಸಾಕು ಎಂದು ಘೋಷಿಸಿದೆ. ಮಹಬೂಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಚುಚ್ಚಲೆಂದೇ ಮನೆಮಾತು ಬಿಟ್ಟು ಸಾಲಿಯ ಕನ್ನಡದಲ್ಲಿ ಹೇಳಿದಳು: "ಬಿಡ್ರಿ. ಒಮ್ಮೆ ಬಿಟ್ಟವರಿಗೆ ಎರಡನೇ ಸಲ ಬಿಡೋದೇನು ತ್ರಾಸ ಆಗೂದಿಲ್ಲ."

ಈ ಮಾತು ನಾಟಿತು. ಮೊದಲ ಸಲ ಬಿಟ್ಟದ್ದು ಮನೆಗಾಗಿ; ಅದನ್ನು ನಾನು ತಲೆಯೆತ್ತಿ ಹೇಳಬಲ್ಲೆ. ಈ ಸಲ ಬಿಟ್ಟರೆ ಬರೀ ಸಿಟ್ಟಿಗಾಗಿ. ಮಗಳು ಇನ್ನೊಂದು ಅರ್ಜಿ ತುಂಬುವಾಗ ಯಾವ ಸಾಲಿನಲ್ಲಿ ಏನು ಬರೆಯಬೇಕು?

ಮರುದಿನ ಅಂಗಡಿಯಲ್ಲಿ ಕೂತು ಸುಮ್ಮನೆ ಒಂದು ತುಂಡು ತಂತಿಯ ತುದಿ ಕೆರೆಯುತ್ತಿದ್ದೆ. ತಾಮ್ರದ ತಂತಿಗೆ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾರ್ನಿಶಿನ ಹೊದಿಕೆ ಇರುತ್ತದೆ. ಅದನ್ನು ತುದಿಯಲ್ಲಿ ಬ್ಲೇಡಿನಿಂದ ಕೆರೆದು ತೆಗೆಯದಿದ್ದರೆ ಕರೆಂಟು ಒಳಗೆ ಹೋಗುವುದಿಲ್ಲ. ಕೈ ತಾನಾಗಿ ಮಾಡುವ ಕೆಲಸ. ಆದರೆ ಆ ದಿನ ಕೈ ನಿಂತಿತು. ಇದನ್ನು ನನಗೆ ಕಲಿಸಿದವರು ಯಾರು ಎಂದು ಕೇಳಿಕೊಂಡೆ. ರಿವೈಂಡಿಂಗ್ ಕಲಿಸಿದ ಉಸ್ತಾದರಲ್ಲ. ಅವರ ಹತ್ತಿರ ಹೋಗುವಾಗಲೇ ನನಗಿದು ಬರುತ್ತಿತ್ತು.

ಕಲಿಸಿದವರು ಅಂಗಡಿ ಮಾಸ್ತರರು. ಅದೂ ಅಡ್ಡಹೆಸರೇ. ಏಳನೇತ್ತೆಯಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದರು. ಅಂಗಡಿ ಮಾಸ್ತರರ ಕೈಯಿಂದ ನಾನು ನೇರವಾಗಿ ಅಂಗಡಿಗೇ ಹೋದೆ ಎಂದು ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ, ಆದರೆ ಆ ಚೇಷ್ಟೆಯ ಹಿಂದಿನ ಮನುಷ್ಯನನ್ನು ನೆನೆದಿರಲಿಲ್ಲ. ಆಗ ಪ್ರಾಜೆಕ್ಟು ಎಂಬ ಶಬ್ದ ನಮ್ಮ ಶಾಲೆಗೆ ಬಂದಿರಲಿಲ್ಲ, ಕೈಕೆಲಸ ಅನ್ನುತ್ತಿದ್ದರು. ಒಂದು ದಿನ ಮಾಸ್ತರರು ನಾಲ್ಕಿಂಚಿನ ಒಂದು ಮೊಳೆ, ಸುಟ್ಟ ಫ್ಯಾನಿನಿಂದ ಕಿತ್ತ ತಂತಿ ತಂದು ನನ್ನ ಕೈಗೆ ಕೊಟ್ಟರು. ತಮ್ಮ ಬ್ಯಾಟರಿಯಿಂದ ಎರಡು ಸೆಲ್ಲು ತೆಗೆದರು. ನಾನು ಮೊಳೆಗೆ ತಂತಿ ಸುತ್ತಿದೆ, ಸೆಲ್ಲಿಗೆ ಮುಟ್ಟಿಸಿದೆ. ಮೇಜಿನ ಮೇಲಿನ ಗುಂಡುಸೂಜಿಗಳು ಮಿಸುಕಲಿಲ್ಲ. ಹುಡುಗರು ನಕ್ಕರು. ನಾನು ಸಿಟ್ಟಿನಿಂದ ಇನ್ನಷ್ಟು ಸುತ್ತಿದೆ. ಆಗಲೂ ಇಲ್ಲ. ಮಾಸ್ತರರು ಜೇಬಿನಿಂದ ಅರ್ಧ ಬ್ಲೇಡು ತೆಗೆದು ಹೇಳಿದರು:

"ದಾವಲ್ಯಾ, ಸುತ್ತೋದು ಛಲೋ ಸುತ್ತಿ. ಆದ್ರ ತುದಿ ಕೆರದಿಲ್ಲ. ಬಾಗಲಾ ಹಾಕ್ಕೊಂಡ ಮನಿಗೆ ಬೀಗರು ಹೆಂಗ ಬರ್ತಾರಲೇ?"

ನಾನು ಉತ್ಸಾಹದಿಂದ ಇಡೀ ತಂತಿಯನ್ನೇ ಕೆರೆಯಲು ಹೊರಟೆ. ಅವರು ಕೈ ಹಿಡಿದರು. "ಪೂರಾ ಕೆರದ್ರ ಎಲ್ಲಾ ಒಂದಕ್ಕೊಂದು ಹತ್ತಿ ಕರೆಂಟ್ ಅಡ್ಡದಾರಿ ಹಿಡೀತೈತಿ. ಎರಡ ತುದಿ ಕೆರಿ, ಸಾಕು." ಕೆರೆದೆ. ಗುಂಡುಸೂಜಿಗಳು ಮೊಳೆಗೆ ಹಾರಿ ಬಂದು ಗಡ್ಡದಂತೆ ಜೋತುಬಿದ್ದವು. ಆಮೇಲೆ ಅವರು ಕೇಳಿದರು, "ಎಷ್ಟು ಸುತ್ತು ಸುತ್ತಿದಿ?" ಎಂದು. ನಾನು ಎಣಿಸಿಯೇ ಇರಲಿಲ್ಲ. ಬಿಚ್ಚಿ ಎಣಿಸಿ ಸುತ್ತಲು ಹೇಳಿದರು. ನಾಳೆ ಯಾಕೆ ಹೀಗಾಗುತ್ತದೆ ಎಂದು ಹೇಳುತ್ತೇನೆ ಎಂದರು. ಆ ನಾಳೆಗೆ ನಾನು ಶಾಲೆಗೆ ಹೋಗಲಿಲ್ಲ. ಅದೇ ವಾರ ಅಪ್ಪನಿಗೆ ನಡ ಹಿಡಿದಿತ್ತು. ಹತ್ತು ದಿನದ ಮೇಲೆ ಉಸ್ತಾದರ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಎಣಿಕೆ ತಪ್ಪದೆ ಸುತ್ತುತ್ತೇನೆ ಎಂಬ ಒಂದೇ ಕಾರಣಕ್ಕೆ.

ಎಂದರೆ, 'ಎಷ್ಟು' ಎಂಬ ಪಾಠ ಮುಗಿಸಿ 'ಯಾಕೆ' ಎಂಬ ಪಾಠದ ಹೊಸ್ತಿಲಲ್ಲಿ ನಾನು ಎದ್ದು ಬಂದಿದ್ದೆ. ಅಕ್ಕೋರು ಕೇಳಿದ್ದು ನನ್ನನ್ನು ಹಂಗಿಸಲು ಅಲ್ಲ; ಮೂವತ್ತೇಳು ವರ್ಷದ ಹಿಂದಿನ ಮರುದಿನದ ಪಾಠ ಅದು.

ಸಂಜೆ ಶಾಹೀನ ಬಂದಾಗ ಒಂದು ಮೊಳೆ, ತಂತಿ, ಎರಡು ಸೆಲ್ಲು, ಒಂದಿಷ್ಟು ಗುಂಡುಸೂಜಿ ಹಿಡಿದು ಕೂತಿದ್ದೆ. ಹೇಳಬೇಕಾದ ಮಾತನ್ನು ಹೇಳುವ ಮುಂಚೆ ಎರಡು ಸಲ ಚಹಾ ಕುಡಿದೆ. ಆಮೇಲೆ ಹೇಳಿದೆ: "ನನಗ ಗೊತ್ತಿಲ್ಲವಾ. ಹೇಳಿಕೊಡು." ಅಷ್ಟೇ. ಆಕಾಶ ಬೀಳಲಿಲ್ಲ. ಗುಂಡುಸೂಜಿಯೂ ಬೀಳಲಿಲ್ಲ.

ಅವಳು ಹೇಳಿಕೊಟ್ಟಳು. ತಂತಿಯಲ್ಲಿ ಕರೆಂಟು ಹರಿದರೆ ಅದರ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದೆಯಂತೆ. ಒಂದು ಸುತ್ತಿನದು ತೀರ ಸಣ್ಣದು. ಸುತ್ತಿನ ಮಗ್ಗುಲಿಗೆ ಸುತ್ತು ಬಂದಾಗ ಆ ಸಣ್ಣವೆಲ್ಲ ಕೂಡಿ ದೊಡ್ಡದಾಗುತ್ತದೆ; ನಡುವೆ ಕಬ್ಬಿಣವಿದ್ದರೆ ಇನ್ನೂ ದೊಡ್ಡದು. ಅಂಥ ಎರಡು ಅಯಸ್ಕಾಂತ ಒಂದನ್ನೊಂದು ಎಳೆದು ದೂಡುವುದರಿಂದಲೇ ಮೋಟರು ತಿರುಗುತ್ತದೆ. ಇಪ್ಪತ್ತು ಸುತ್ತಿಗೆ ಮೂರು ಸೂಜಿ, ನಲವತ್ತಕ್ಕೆ ಏಳು, ಅರವತ್ತಕ್ಕೆ ಹತ್ತು ಎಂದು ನಾನು ಬರೆದುಕೊಳ್ಳುತ್ತ ಹೋದೆ. ಆಮೇಲೆ ಅವಳ ಪುಸ್ತಕದಲ್ಲಿ ಇಲ್ಲದ ಒಂದು ಆಟ ಆಡಿದೆ. ಮೂವತ್ತು ಸುತ್ತು ಒಂದು ದಿಕ್ಕಿಗೆ, ಮೂವತ್ತು ಉಲ್ಟಾ ದಿಕ್ಕಿಗೆ. ಒಂದು ಸೂಜಿಯೂ ಎದ್ದು ನಿಲ್ಲಲಿಲ್ಲ. "ಇದು ನಿನಗ ಹೆಂಗ ಗೊತ್ತಿತ್ತು ಅಬ್ಬಾ?" ಎಂದು ಅವಳು ಕಣ್ಣರಳಿಸಿದಳು. ಉಲ್ಟಾ ಸುತ್ತಿ ಒಬ್ಬ ಗಿರಣಿಯವನಿಂದ ಬೈಸಿಕೊಂಡು ಕಲಿತಿದ್ದೆ. ಹಾಗೆ ನೋಡಿದರೆ ಆ ಗಿರಣಿಯವನಿಗೂ ಒಂದು ಕೃತಜ್ಞತೆ ಹೇಳಬೇಕು.

ಫೈಲನ್ನು ನಾನೇ ಬರೆದೆ. ವಾರ ಹಿಡಿಯಿತು. ನನ್ನ ಅಕ್ಷರ ಮುತ್ತಲ್ಲ, ನವಣೆ ಚೆಲ್ಲಿದಂತೆ. 'ಮೇಲೆ' ಎಂದು ಬರೆಯಲು ಹೋಗಿ 'ಮ್ಯಾಲ' ಎಂದು ಬರೆದೆ, ಹೊಡೆದು ಹಾಕಿ ಮತ್ತೆ ಬರೆದೆ. ಉದ್ದೇಶ, ವಿಧಾನ, ತೀರ್ಮಾನ ಎಲ್ಲ ನಾಲ್ಕು ಪುಟದಲ್ಲಿ ಮುಗಿದವು. ಕೃತಜ್ಞತೆಯ ಪುಟಕ್ಕೆ ಬಂದಾಗ ಪೆನ್ನು ನಿಲ್ಲಲಿಲ್ಲ. ಅಂಗಡಿ ಮಾಸ್ತರರು, ಅವರ ಅರ್ಧ ಬ್ಲೇಡು. ಉಸ್ತಾದರು. ನಡ ಹಿಡಿದು ಮಲಗಿದರೂ ನಾನು ಮೊದಲ ಸಲ ಸುತ್ತಿದ ಮೋಟರಿನ ಸದ್ದು ಕೇಳಲು ಗೋಡೆ ಹಿಡಿದು ಅಂಗಡಿಯವರೆಗೆ ಬಂದಿದ್ದ ಅಪ್ಪ. ಎರಡನೇ ಸಲ ಬಿಡುವುದು ತ್ರಾಸಲ್ಲ ಎಂದ ಹೆಂಡತಿ. ಎರಡೂ ಸಾಲಿನಲ್ಲಿ ಒಂದೇ ಉತ್ತರ ಬರೆದ ಮಗಳು. ಹದಿನೆಂಟನೇ ನಂಬರನ್ನು ಬಿಟ್ಟುಕೊಟ್ಟ ಶಾಂತವ್ವ. ಬೈದ ಗಿರಣಿಯವನು. ಬರೆಯುತ್ತ ಹೋದಂತೆ ಒಂದು ವಿಚಿತ್ರ ಕಂಡಿತು: ನಾನೇ ನನ್ನ ಕೈಯಿಂದ ಕಟ್ಟಿಕೊಂಡೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಬದುಕಿನಲ್ಲಿ ಎಷ್ಟೊಂದು ಜನ ಸುತ್ತು ಹಾಕಿ ಹೋಗಿದ್ದಾರೆ. ನನ್ನ ಪಾಲಿನವು ಕೆಲವು ಸುತ್ತು, ಅಷ್ಟೇ. ಸುದೈವಕ್ಕೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತಿದ್ದರು.

ರವಿವಾರ ಅಕ್ಕೋರ ಮೇಜಿನ ಮೇಲೆ ಗಿರಣಿಯ ಬದಲು ಮೊಳೆ ಇಟ್ಟೆ. ಅವರು ಕೇಳುವ ಮುಂಚೆಯೇ ಯಾಕೆ ಎಂಬುದನ್ನು ಹೇಳಿದೆ, ಉಲ್ಟಾ ಸುತ್ತಿನ ಆಟವನ್ನೂ ತೋರಿಸಿದೆ. ಅವರು ಫೈಲು ತೆರೆದರು. ಮೊದಲ ಪುಟ ತಿರುವಿದರು, ಎರಡನೆಯದು, ಮೂರನೆಯದು, ಆರನೆಯದು.

"ಕಾಕಾ, ಇದು ಕೃತಜ್ಞತಾನೋ ಪ್ರಾಜೆಕ್ಟೋ? ಇದು ಒಂದ ಪುಟದಾಗ ಮುಗೀಬೇಕ್ರಿ."

"ಮುಗೀಲಿಲ್ರಿ ಅಕ್ಕೋರ."

ಅವರು ನಗಲಿಲ್ಲ. ಸಹಿ ಮಾಡಿದರು. ಪೆನ್ನಿನ ಟೊಪ್ಪಿಗೆ ಹಾಕುತ್ತ, ಬೇರೆಯವರಿಗೆ ಕೇಳದಂತೆ ಸಣ್ಣ ದನಿಯಲ್ಲಿ ಅಂದರು:

"ಎಂಟನೇತ್ತದಾಗಿದ್ದಾಗ ನಮ್ಮ ಅಪ್ಪಾಜಿ ನಿಮ್ಮ ಅಂಗಡಿಯಿಂದ ಒಂದು ಗಾಳಿಯಂತ್ರ ಮಾಡಿಸ್ಕೊಂಡು ಬಂದಿದ್ರು. ಎಲ್ಲಾರೂ ನಿಂತು ನೋಡಿದ್ರು. ಪರೀಕ್ಷಕರು ಬಂದು, ಇದು ಯಾಕ ತಿರಗತೈತಿ ಹೇಳವಾ ಅಂದ್ರು. ನನಗ ಬರಲಿಲ್ಲ. ಕಣ್ಣಾಗ ನೀರು ಬಂತು."

ನಾನು ಮೇಜಿನ ಮೇಲೆ ಚೆದುರಿದ್ದ ಗುಂಡುಸೂಜಿಗಳನ್ನು ಆರಿಸತೊಡಗಿದೆ.

"ಕೃತಜ್ಞತಾದಾಗ ನಿಮ್ಮ ಹೆಸರು ಬರದಿದ್ದೆ. ಅಪ್ಪಾಜಿ ಹಾಳಿ ಹರದು ಬ್ಯಾರೆ ಬರಸಿದ್ರು. ಹೆಸರು ಬರದ್ರ ಮಾಡಿಸಿದ್ದು ಗೊತ್ತಾಗತೈತಿ ಅಂದ್ರು."

ಇಷ್ಟು ವರ್ಷ ನಾನು ಹುಡುಕಿದ ಹೆಸರು ಯಾಕೆ ಎಲ್ಲೂ ಇರಲಿಲ್ಲ ಎಂಬುದಕ್ಕೆ ಉತ್ತರ ಇಷ್ಟು ಸರಳವಾಗಿತ್ತು. ಅವರು ಕೃತಘ್ನರಾಗಿರಲಿಲ್ಲ. ಆ ಪುಟದಲ್ಲಿ ನನ್ನ ಹೆಸರಿಗೆ ಜಾಗವಿರದಂಥ ಕೆಲಸವನ್ನೇ ನಾನು ಮ್ಯಾಲಿಂದ ಮ್ಯಾಲೆ ಮಾಡಿಕೊಟ್ಟಿದ್ದೆ. ಬಹುಮಾನ ಬಂದ ನಾಲ್ಕು ಮಕ್ಕಳನ್ನು ಎಣಿಸಿಟ್ಟುಕೊಂಡಿದ್ದೆ. ಯಾಕೆ ಎಂಬ ಪ್ರಶ್ನೆಯ ಮುಂದೆ ಕಣ್ಣು ತುಂಬಿ ನಿಂತವರನ್ನು ಎಣಿಸಿರಲಿಲ್ಲ.

"ತಪ್ಪಾತ್ರಿ ಅಕ್ಕೋರ" ಅಂದೆ.

"ಯಾಕ್ರಿ? ಅವತ್ತ ಬರಲಿಲ್ಲ ಅಂತನ ನಾ ವಿಜ್ಞಾನ ಹಿಡದೆ" ಅಂದರು ಅವರು, ಹಾಜರಿ ಪುಸ್ತಕ ತೆರೆಯುತ್ತ. "ಹದಿನೇಳು."

"ಹಾಜರ್ ರೀ" ಅಂದೆ. ಜೀವನದಲ್ಲಿ ಮೊದಲ ಸಲ ಸರಿ ನಂಬರಿಗೆ.

ಈಗಲೂ ಪ್ರದರ್ಶನದ ಕಾಲಕ್ಕೆ ತಾಯಿತಂದೆಯರು ನನ್ನ ಅಂಗಡಿಗೆ ಬರುತ್ತಾರೆ. ಇಲ್ಲ ಅನ್ನುವುದಿಲ್ಲ. ಸಾಮಾನು ಕೊಡುತ್ತೇನೆ, ಕಟ್ಟೆಯ ಮೇಲೆ ಜಾಗ ಕೊಡುತ್ತೇನೆ, ಆದರೆ ಯಾರ ಹೆಸರಿನ ಫೈಲೋ ಅವರೇ ಕೂತು ಸುತ್ತಬೇಕು. ಇದರಿಂದ ನನ್ನ ಬಹುಮಾನಗಳು ನಿಂತೇಹೋಗಿವೆ. ಮೊನ್ನೆ ಒಂದು ಗಾಳಿಯಂತ್ರ ಸೊಟ್ಟಗೆ ತಿರುಗುತ್ತ ಹೋಯಿತು, ಸಮಾಧಾನಕರ ಬಹುಮಾನವೂ ಬರಲಿಲ್ಲವಂತೆ. ನನಗೆ ಸಮಾಧಾನವಾಯಿತು.

ಪರೀಕ್ಷೆಗೆ ಹೆಸರು ಹೋಗಿದೆ. ಪಾಸಾಗುವುದು ಬಿಡುವುದು ಮುಂದಿನ ಮಾತು. ಗಣಿತ ಇನ್ನೂ ಬಾಗಿಲು ಹಾಕಿಕೊಂಡೇ ಕೂತಿದೆ. ಕೃತಜ್ಞತೆಯನ್ನು ಅಕ್ಕೋರ ಮಾತಿನಂತೆ ಒಂದೇ ಪುಟಕ್ಕೆ ಇಳಿಸಿ ಫೈಲಿಗೆ ಹಚ್ಚಿದೆ. ಹೊರಗುಳಿದ ಐದು ಪುಟಗಳನ್ನು ಹರಿಯಲು ಮನಸ್ಸಾಗಲಿಲ್ಲ. ನೀವು ಇಲ್ಲಿಯವರೆಗೆ ಓದಿದ್ದು ಅವನ್ನೇ. ಹಿಂದೆ ಮುಂದೆ ಒಂದಿಷ್ಟು ಸೇರಿಸಿದ್ದೇನೆ. ಇಷ್ಟೆಲ್ಲ ಆದ ಮೇಲೆ ನನ್ನ ಹೆಮ್ಮೆ ಹೋಯಿತೇ ಎಂದು ಕೇಳಿದರೆ, ಇಲ್ಲ. ಅದು ಮನುಷ್ಯನ ವಾರ್ನಿಶು, ಇರಬೇಕು; ವಾರ್ನಿಶಿಲ್ಲದ ತಂತಿಯನ್ನು ಮೋಟರಿಗೆ ಸುತ್ತಿದರೆ ಒಂದು ತಾಸಿನಲ್ಲಿ ಸುಟ್ಟು ಹೊಗೆಯಾಡುತ್ತದೆ, ಜ್ವಾಲಾಮುಖಿಯ ಹಾಗೆ. ಮಾಸ್ತರರು ಹೇಳಿದಂತೆ ಪೂರಾ ಕೆರೆಯಬಾರದು. ಎರಡು ತುದಿ ಕೆರೆದರೆ ಸಾಕು: ಒಂದು ಕಡೆ 'ಗೊತ್ತಿಲ್ಲ' ಎನ್ನುವಷ್ಟು, ಇನ್ನೊಂದು ಕಡೆ 'ನಿಮ್ಮಿಂದಾಯಿತು' ಎನ್ನುವಷ್ಟು.